ನಿಮ್ಮ ಜಾಗ ಖಚಿತವಾಗಿದೆ

ಭಾಗ್ಯಜ್ಯೋತಿ ಲೋಡ್ ಟೆಸ್ಟ್ ಶುರು ಮಾಡುವ ಮೊದಲು ಒಂದು ಕೆಲಸ ತಪ್ಪದೆ ಮಾಡುತ್ತಾಳೆ. ಟೆಸ್ಟಿಗೆಂದು ಹುಟ್ಟಿಸಿದ ಸುಳ್ಳು ಗ್ರಾಹಕರೆಲ್ಲರ ಹೆಸರಿನ ಮುಂದೆಯೂ ತನ್ನದೇ ಫೋನ್ ನಂಬರ್ ಹಾಕುತ್ತಾಳೆ. ಹಾಕಿ, ಫೋನನ್ನು ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂರುತ್ತಾಳೆ. ಬಿಟಿಎಂ ಲೇಔಟಿನ ಆ ಆಫೀಸಿಗೆ ಹೊಸದಾಗಿ ಸೇರಿದವರು, "ಏನಕ್ಕಾ, ಯಾರ ಫೋನಿಗೆ ಕಾಯ್ತಿದೀರಾ?" ಎಂದು ರೇಗಿಸುವುದುಂಟು. ಅವಳು ನಗುವುದಿಲ್ಲ, ಕಾರಣ ಹೇಳುವವಳೂ ಅಲ್ಲ. ಹಳಬರು ಮಾತ್ರ ಆ ಕಡೆ ಮುಖ ತಿರುಗಿಸಿಕೊಳ್ಳುತ್ತಾರೆ.

ಬಾದಾಮಿ ಕಡೆಯ ಹುಡುಗಿ. ಕೆಲವು ವರ್ಷಗಳ ಹಿಂದೆ ಆ ಟೆಸ್ಟಿಂಗ್ ಕೆಲಸಕ್ಕೆ ಆಗಷ್ಟೇ ಕೈ ಹಾಕಿದ್ದಳು. ಪುಟ್ಟೇನಹಳ್ಳಿಯಲ್ಲೊಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರ. ಕಿಡ್ನಿ ಹೋದವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡಿ ಕಳಿಸುವ ಜಾಗ. ಯಂತ್ರ ಬೆರಳೆಣಿಕೆಯಷ್ಟು, ಕಾಯುವವರು ಬೇಕಾದಷ್ಟು. ಜಾಗ ಖಾಲಿಯಾದಾಗ ಫೋನಿನಲ್ಲೇ ಕಾದಿರಿಸಲು ಒಂದು ಆ್ಯಪ್ ಸಿದ್ಧವಾಗುತ್ತಿತ್ತು. ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ ಅದು ತಡೆದೀತೇ ಎಂದು ನೋಡುವ ಲೋಡ್ ಟೆಸ್ಟ್ ಇವಳ ಪಾಲಿಗೆ ಬಂತು. ಹೊಸ ಬಸ್ಸನ್ನು ರಸ್ತೆಗಿಳಿಸುವ ಮೊದಲೇ ಫುಟ್‌ಬೋರ್ಡಿನವರೆಗೆ ಜನ ತುಂಬಿ ನೋಡುವ ಹಾಗೆ.

"ಮೊದ್ಲು ಹತ್ತು ಜನರನ್ನ ಬಿಡು. ಆಮೇಲೆ ನೂರು, ಆಮೇಲೆ ಸಾವಿರ. ಎಲ್ಲಿ ಏದುಸಿರು ಬಿಡತ್ತೆ ನೋಡ್ತಾ ಹೋಗು," ಎಂದು ಟೀಮ್ ಲೀಡ್ ಚಿದಾನಂದ್ ಹೇಳಿಕೊಟ್ಟ.

"ಅಷ್ಟು ಹೆಸರು, ನಂಬರು ಎಲ್ಲಿಂದ ತರ್ಲಿ ಸರ?"

"ಅವರ ವೇಟಿಂಗ್ ಲಿಸ್ಟೇ ಇದೆಯಲ್ಲ, ಹಾಕು. ಅದೇ ಹೆಸ್ರುಗಳು ತಿರುಗಿ ತಿರುಗಿ ಬರ್ಲಿ."

"ಮೆಸೇಜ್ ಹೋಗಂಗಿಲ್ಲಲ್ರೀ ಅವರಿಗೆ?"

"ಆಫ್ ಮಾಡಿದೀನಿ ಕಣಮ್ಮ, ತಲೆ ಕೆಡಿಸ್ಕೋಬೇಡ."

ಆಫ್ ಮಾಡಿದ್ದು ನಿಜ. ಆದರೆ ಆಫ್ ಮಾಡಿದ್ದು ಅಸಲಿ ಆ್ಯಪಿನಲ್ಲಿ, ಟೆಸ್ಟ್ ಓಡಿದ್ದು ಪರೀಕ್ಷೆಗೆಂದೇ ಮಾಡಿಟ್ಟ ಅದರ ನಕಲಿನಲ್ಲಿ. ಅಲ್ಲಿ ಮೆಸೇಜು ಕಳಿಸುವ ವ್ಯವಸ್ಥೆ ಹಾಗೇ ಇತ್ತು. ಒಂದೇ ಒಂದು ಸಲ ತನ್ನ ನಂಬರ್ ಹಾಕಿ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಹಾಳಾದ್ದು, ಎರಡು ನಿಮಿಷದ ಕೆಲಸ. ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಟೆಸ್ಟ್ ಓಡಿತು. ಹತ್ತು ಜನರಿಗೆ ಸಲೀಸು, ನೂರಕ್ಕೂ ಸಲೀಸು, ಸಾವಿರಕ್ಕೆ ಕೊಂಚ ನಿಧಾನವಾಯಿತು, ಬೀಳಲಿಲ್ಲ. ಒಂದು ಕೋರಿಕೆಯೂ ತಪ್ಪಿರಲಿಲ್ಲ. ಚಿದಾನಂದ್ ಸೂಪರ್ ಎಂದ. ಭಾಗ್ಯಜ್ಯೋತಿ ಖುಷಿಯಲ್ಲಿ ಖಾನಾವಳಿಗೆ ಹೋಗಿ ಎಣ್ಣೆಗಾಯಿ, ಖಡಕ್ ರೊಟ್ಟಿ ತಿಂದು ಬಂದು ಪಿಜಿಯಲ್ಲಿ ಮಲಗಿದಳು. ಪಾಪ, ಮಲಗಲಿ ಬಿಡಿ. ಅಂಥ ನಿದ್ದೆ ಮತ್ತೆ ಬರಲಿಲ್ಲ.

ಬೆಳಿಗ್ಗೆ ಕೇಂದ್ರದ ನರ್ಸ್ ಕಾತ್ಯಾಯಿನಿಯ ಫೋನು. ಗೇಟಿನ ಮುಂದೆ ರೋಗಿಗಳು ಜಮಾಯಿಸಿದ್ದಾರೆ, ಜಾಗ ಸಿಕ್ಕಿದೆ ಅನ್ನುವ ಮೆಸೇಜ್ ಎಲ್ಲರ ಬಳಿಯೂ ಇದೆ ಎಂದಳು. ಚಿದಾನಂದ್, "ನೀನೇ ಹೋಗಿ ಒಂದು ಸಾರಿ ಹೇಳಿ ಬಂದ್ಬಿಡು," ಎಂದು ಇವಳನ್ನು ಅಟ್ಟಿದ. ಲಿಸ್ಟು ಹಾಕು ಎಂದವನು ಅವನು, ಹೋಗಿ ನಿಲ್ಲಬೇಕಾದವಳು ಇವಳು.

ಬೈಸಿಕೊಂಡಳು. ಬೈದವರು ಬೈದು ಹೊರಟುಹೋದರು. ಗಂಡ ಹೆಂಡತಿ ಇಬ್ಬರು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಇಟ್ಟಮಡುವಿನ ಪರಮಶಿವಯ್ಯ, ವಿಭೂತಿ, ರುದ್ರಾಕ್ಷಿ ಮಾರುತ್ತಿದ್ದ ವ್ಯಾಪಾರಿ. ಕಾಲು ಬಾತುಕೊಂಡು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಗಿರಿಜಾದೇವಿ, ಮಡಿಲಲ್ಲಿ ಚೀಲ, ಚೀಲದಲ್ಲಿ ಹೊದಿಕೆ.

"ಅದು ತಪ್ಪಾಗಿ ಬಂದ ಮೆಸೇಜ್ ರೀ ಅಮ್ಮಾ. ನೀವು ಮೊದಲು ಹೋಗ್ತಿದ್ದ ಆಸ್ಪತ್ರೆಗೇ ಹೋಗ್ರಿ," ಎಂದಳು ಭಾಗ್ಯಜ್ಯೋತಿ.

"ಅಲ್ಲಿ ಬಿಟ್ಕೊಟ್ವಲ್ಲಮ್ಮ," ಎಂದರು ಗಿರಿಜಾದೇವಿ. "ಎರಡು ಬಸ್ ಹತ್ತಿ ಅಷ್ಟು ದೂರ ಹೋಗ್ತಿದ್ವಿ. ಮನೆ ಹತ್ರನೇ ಸಿಕ್ತಲ್ಲ ಅಂತ ನಿನ್ನೆನೇ ಫೋನ್ ಮಾಡಿ, ನಮ್ಮ ಜಾಗ ಬೇರೆಯವರಿಗೆ ಕೊಟ್ಬಿಡಿ ಅಂದೆ. ಅಲ್ಲೂ ಕಾಯ್ತಿದ್ರು ಜನ, ಪಾಪ."

ಭಾಗ್ಯಜ್ಯೋತಿ ಅಲ್ಲೇ ನಿಂತು ಆ ಆಸ್ಪತ್ರೆಗೆ ಫೋನ್ ಮಾಡಿದಳು. ಆ ಜಾಗ ಆಗಲೇ ಇನ್ನೊಬ್ಬ ರೋಗಿಗೆ ಹೋಗಿತ್ತು. ಇಲ್ಲೇ ಜಾಗ ಮಾಡಿಕೊಡಿ ಎಂದು ಕಾತ್ಯಾಯಿನಿಯ ಕೈ ಹಿಡಿದು ಬೇಡಿಕೊಂಡಳು.

"ಯಾರನ್ನ ಎಬ್ಬಿಸಲಿ ಹೇಳಿ ಮೇಡಂ," ಎಂದು ಕಾತ್ಯಾಯಿನಿ ಒಳಗಿನ ಹಾಸಿಗೆಗಳನ್ನು ತೋರಿಸಿದಳು. ಅಲ್ಲಿ ಮಲಗಿದ್ದವರೂ ಬದುಕಲೆಂದೇ ಬಂದವರು.

ಆಮೇಲಿನ ದಿನಗಳಲ್ಲಿ ಆಫೀಸಿಗೆ ರಜೆ ಹಾಕಿ ಜಯನಗರ, ಬನಶಂಕರಿ, ಜೆಪಿ ನಗರ ಎಲ್ಲ ಅಲೆದಳು. ಹೋದಲ್ಲೆಲ್ಲ ಹೆಸರು ಬರೆಸಿ ಹೋಗಿ ಎನ್ನುವ ಮಾತೇ. ಕೊನೆಗೊಂದು ಕಡೆ ಶುಕ್ರವಾರಕ್ಕೆ ಒಪ್ಪಿದರು. ಡಯಾಲಿಸಿಸ್ ಇಲ್ಲದೆ ಗುರುವಾರ ಪರಮಶಿವಯ್ಯನವರ ಎದೆಯಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟಿತು. ತುರ್ತು ಚಿಕಿತ್ಸೆಗೆಂದು ಒಯ್ಯುವಾಗ ಆಟೋದಲ್ಲೇ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಭಾಗ್ಯಜ್ಯೋತಿ ಇಟ್ಟಮಡುವಿನ ಮನೆಗೆ ಹೋದಳು. ಗಿರಿಜಾದೇವಿ ಇವಳನ್ನು ಕೇಂದ್ರದವಳೆಂದೇ ತಿಳಿದಿದ್ದರು. ಓಡಾಡಿದ್ದಕ್ಕೆ ಕೈ ಮುಗಿದರು, ಕೂರಿಸಿ ನೀರು ಕೊಟ್ಟರು. ಲೋಟ ಹಿಡಿದು ಕೂರಲಾಗಲಿಲ್ಲ ಅವಳಿಗೆ.

"ಆ ಮೆಸೇಜ್ ಕಳಿಸಿದಾಕಿ ನಾನಽ ರೀ ಅಮ್ಮಾ," ಎಂದಳು. "ಟೆಸ್ಟ್ ಮಾಡ್ತಿದ್ದೆ."

ಗಿರಿಜಾದೇವಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಮ್ಮ ಹಳೆಯ ಫೋನನ್ನು ಅವಳ ಕೈಗಿತ್ತರು. 'ನಿಮ್ಮ ಜಾಗ ಖಚಿತವಾಗಿದೆ.' ಬೆರಳಲ್ಲಿ ತಳ್ಳುತ್ತಾ ಹೋದರೂ ಅದೇ ಸಾಲು, ಮತ್ತೆ ಅದೇ ಸಾಲು.

"ಒಂದೇ ಸಲ ಬಂದಿದ್ರೆ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸ್ತಿದ್ವಮ್ಮ," ಎಂದರು. "ಇಷ್ಟು ಸಲ ಹೇಳಿದಾರಲ್ಲ ಅಂತ ನಂಬಿದ್ವಿ."