ತೋಳಿನ ವಿಭೂತಿ, ಬೆನ್ನಿನ ಪಟ್ಟಿ

ಶಿವನನ್ನು ನಂಬಿ ಬಾಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಬೀದಿಯ ತಿರುವಿನಿಂದ ಅಗ್ರಹಾರದ ನಮ್ಮ ಮನೆಗೆ ಬರುವಷ್ಟರಲ್ಲಿ ನಮ್ಮ ಯಜಮಾನರು ಎರಡು ಕಡೆ ಕಂಡವರ ಜಗಲಿ ಹಿಡಿದು ನಿಲ್ಲುವಂತಾದದ್ದು 2004ರ ಕಾರ್ತಿಕ ಮಾಸದಲ್ಲಿ. ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಹೇಗೋ ಮನೆ ಸೇರಿ, ಕುರ್ಚಿಯಲ್ಲಿ ಕುಸಿದು, ಹೋದ ಉಸಿರು ಬಂದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಸಿಗರೇಟು ಹಚ್ಚುವುದು. ಪಾತ್ರೆ ಅಂಗಡಿಯ ಮಾಲೀಕರು, ಊರಿಗೆಲ್ಲ ಬುದ್ಧಿ ಹೇಳುವವರು. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮಾಡದೆ ತೊಟ್ಟು ನೀರು ಮುಟ್ಟುವವರಲ್ಲ. ಪೂಜೆಯಿಂದ ಎದ್ದವರು ನೇರ ಹಿತ್ತಿಲಿಗೆ ಹೋಗಿ ಹೊಗೆ ಬಿಡುತ್ತಿದ್ದರು. ಇಂಥ ಭಕ್ತಿಗೆ ಏನು ಹೆಸರಿಡಬೇಕೋ ನನಗಂತೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಕೊಳವೆ ಕೊಟ್ಟು ಊದಿಸಿದರು. ಹಾಳಾದ ಶ್ವಾಸಕೋಶ ವಾಪಸು ಬರುವುದಿಲ್ಲ, ಈಗ ಸಿಗರೇಟು ಬಿಟ್ಟರೆ ಉಳಿದದ್ದು ಉಳಿಯುತ್ತದೆ, ಇಲ್ಲವಾದರೆ ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ಬದುಕಬೇಕಾಗುತ್ತದೆ ಎಂದು ಡಾಕ್ಟರು ನನ್ನನ್ನೂ ಕೂರಿಸಿಕೊಂಡು ಹೇಳಿದರು. ಇವರು ಹೊರಗೆ ಬಂದು, "ಡಾಕ್ಟ್ರುಗಳು ಎಲ್ರನ್ನೂ ಇಂಗೇ ಹೆದರಿಸ್ತಾರೆ ಬುಡೇ" ಎಂದು ಗೇಟಿನ ಪಕ್ಕದ ಪೆಟ್ಟಿಗೆ ಅಂಗಡಿಯತ್ತ ನಡೆದರು.

ಸುದ್ದಿ ತಿಳಿದು ಹಿನಕಲ್‌ನಿಂದ ನನ್ನ ನಾದಿನಿ ಗೌರಮ್ಮ ಓಡಿ ಬಂದಳು. ಗಡ್ಡ ಬಿಟ್ಟವರನ್ನೆಲ್ಲ ದೇವರೆಂದು ನಂಬುವವಳು ಅವಳು. ಇಲವಾಲದ ಹತ್ತಿರ ಒಬ್ಬ ಸ್ವಾಮಿ ಇದ್ದಾನೆ, ದುಶ್ಚಟ ಬಿಡಿಸುವುದರಲ್ಲಿ ಎತ್ತಿದ ಕೈ ಎಂದು ನಮ್ಮಿಬ್ಬರನ್ನೂ ಹುಣಸೂರು ಬಸ್ಸು ಹತ್ತಿಸಿದಳು. ಆ ಮಹಾತ್ಮ ಕಣ್ಣು ಮುಚ್ಚಿಕೊಂಡೇ ಒಂದು ಪೊಟ್ಟಣ ಪುಡಿ ಕೊಟ್ಟ. ಜೇನಿನಲ್ಲಿ ಕಲಸಿ ನೆಕ್ಕಿದರೆ ಸಿಗರೇಟು ಕಂಡರೆ ವಾಕರಿಕೆ ಬರುತ್ತದಂತೆ. ಬಂತು, ಊಟ ಕಂಡರೆ ಮಾತ್ರ. ಬಾಯಿಯ ಕಹಿ ಹೋಗಲಿ ಎಂದು ಇವರು ಇನ್ನಷ್ಟು ಸೇದಿದರು.

ಮತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎದೆ ಸುಡುವುದು ಹೊಗೆ, ಮೈ ಬೇಡುವುದು ನಿಕೋಟಿನ್. ಆ ನಿಕೋಟಿನ್ನನ್ನೇ ಚರ್ಮದ ಮೂಲಕ ಅಳತೆಯಲ್ಲಿ ಕೊಟ್ಟು, ಬರಬರುತ್ತ ಅದನ್ನೂ ಕಡಿಮೆ ಮಾಡಿದರೆ ಬಿಡುವ ಸಂಕಟ ಅಷ್ಟಾಗಿ ಕಾಡುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಅದಕ್ಕೊಂದು ಅಂಟುವ ಪಟ್ಟಿ ಇದೆ, ದಿನಾ ಬೆಳಿಗ್ಗೆ ಹೊಸದನ್ನು ತೋಳಿಗೋ ಎದೆಗೋ ಹಚ್ಚಿಕೊಳ್ಳಬೇಕು, ಜಾಗ ಬದಲಿಸುತ್ತಿರಬೇಕು. ಔಷಧಿ ಅಂಗಡಿಯವರು ಬೆಂಗಳೂರಿನಿಂದ ತರಿಸಿಕೊಟ್ಟರು.

ಇವರು ಪೂಜೆ ಮುಗಿಸಿ ಪಟ್ಟಿ ಹಚ್ಚಿಕೊಂಡು ಹೊರಡುತ್ತಿದ್ದರು. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅದು ಬಿಟ್ಟುಕೊಂಡು ಅಂಗಿಯೊಳಗೆ ಬಿದ್ದಿರುತ್ತಿತ್ತು. ಬಲತೋಳು, ಎಡತೋಳು, ಎದೆ, ಎಲ್ಲಿ ಹಚ್ಚಿದರೂ ಇದೇ ಕಥೆ. ಕೇಳಿದರೆ ಡಾಕ್ಟರು ಬೆವರಿರಬೇಕು ಎಂದರು. ಪುಷ್ಯದ ಚಳಿಯಲ್ಲಿ ಯಾವ ಬೆವರೋ. ಯಜಮಾನರ ಮುಖದಲ್ಲಿ ಮಾತ್ರ ಗೆದ್ದ ಕಳೆ. ಸ್ವಾಮಿಯೂ ಆಯಿತು, ಡಾಕ್ಟರೂ ಆಯಿತು, ಇನ್ನು ತಮ್ಮನ್ನು ಯಾರೂ ಕೇಳುವಂತಿಲ್ಲ ಎಂದು ರಾಜಾರೋಷವಾಗಿ ಜಗಲಿಯಲ್ಲೇ ಸೇದತೊಡಗಿದರು. ಗೌರಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಅದು ಶಿವನಿಗೇ ಒಪ್ಪಿಗೆ ಇಲ್ಲ ಕಣತ್ತಿಗೆ, ಅದಕ್ಕೇ ಮೈಮೇಲೆ ನಿಲ್ತಾ ಇಲ್ಲ" ಎಂದಳು.

ಆ ವಾರವೇ ಅಂಗಡಿಯಲ್ಲಿ ತುಟಿ ನೀಲಿಗಟ್ಟಿ ಬಿದ್ದವರನ್ನು ಅಂಗಡಿಯ ಹುಡುಗರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಮೂಗಿಗೆ ಆಕ್ಸಿಜನ್ ನಳಿಕೆ. ಮನೆಗೆ ಬಂದ ಸಂಜೆ ಇವರ ಕೈ ಮತ್ತೆ ಜೇಬು ತಡಕಾಡಿತು. ನಾನು ಎದ್ದು ಹಿಂದಿನ ಬೀದಿಯ ಈಶ್ವರನ ಗುಡಿಗೆ ಹೋದೆ. ಹೂವಿಲ್ಲ, ಹಣ್ಣಿಲ್ಲ. ಕಂಬಕ್ಕೆ ಒರಗಿ ಕೂತು ಅತ್ತೆ. ಈ ಹಟಮಾರಿಯನ್ನು ಕಟ್ಟಿಕೊಂಡು ನಾನು ಸಾಕಾದೆ, ನನಗೆ ಪವಾಡ ಬೇಡ, ಏನು ಮಾಡಬೇಕೋ ಅದೊಂದು ತೋರಿಸು, ಇವರ ಉಸಿರು ಉಳಿಸು ಎಂದೆ.

ಮಾರನೆಯ ದಿನ ಇವರ ಅಂಗಿ ಒಗೆಯಲು ಕೊಡವಿದಾಗ ತೋಳಿನಿಂದ ಒಂದು ಪಟ್ಟಿ ಉದುರಿತು. ಅಂಟಿನ ಕಡೆ ಸ್ಪಷ್ಟವಾಗಿ ಮೂರು ಬಿಳಿ ಗೆರೆ. ಪಕ್ಕದಲ್ಲಿದ್ದ ಗೌರಮ್ಮ ಶಿವ ಮೂಡಿದ್ದಾನೆ ಎಂದು ಅದನ್ನು ಕಿತ್ತುಕೊಂಡು ಕಣ್ಣಿಗೊತ್ತಿಕೊಂಡಳು. ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಲು ಹೊರಟೇಬಿಟ್ಟಳು.

ನನಗೆ ಮಾತ್ರ ಆಗ ಹೊಳೆಯಿತು. ಇವರು ವಿಭೂತಿ ಧರಿಸುವುದು ತೋಳಿಗೆ, ಎದೆಗೆ. ಅದರ ಮೇಲೆಯೇ ಪಟ್ಟಿ ಒತ್ತಿಕೊಳ್ಳುತ್ತಿದ್ದರು. ಅದು ಬೂದಿಗೆ ಅಂಟುತ್ತಿತ್ತೇ ಹೊರತು ಮೈಗಲ್ಲ. ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗುತ್ತಿದ್ದವರ ಮೈಮೇಲೆ ಬೂದಿ ಇದೆಯೆಂದು ಡಾಕ್ಟರಿಗೆ ತಿಳಿಯಲಿಲ್ಲ. ನಮಗೋ, ವಿಭೂತಿ ಒರೆಸುವ ಯೋಚನೆಯೇ ಬರುವಂಥದ್ದಲ್ಲ. ದಿನಾ ಆ ಗೆರೆಗಳನ್ನು ಕಂಡವಳಿಗೆ ಅದುವರೆಗೆ ಕಾಣದ್ದನ್ನು ಆ ಗಳಿಗೆಯಲ್ಲಿ ತೋರಿಸಿದವನು ಶಿವನೇ.

ಡಾಕ್ಟರನ್ನು ಕೇಳಿದೆ. ವಿಭೂತಿ ಇಲ್ಲದ ಬೆನ್ನಿಗೆ ಹಚ್ಚಬಹುದೆಂದರು. ಮರುದಿನ ಸ್ನಾನವಾಗಿ ಮೈ ಒಣಗಿದ ಮೇಲೆ, ಪೂಜೆಗೆ ಮೊದಲೇ, ಇವರ ಬೆನ್ನ ಮೇಲೆ ಪಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದೆ. ಇದೆಲ್ಲ ನಾಟಕ ಎಂದು ಗೊಣಗಿದರು. ಸಂಜೆಯಾದರೂ ಅದು ಅಲುಗಲಿಲ್ಲ. ಕಿತ್ತು ಬಿಸಾಡೋಣವೆಂದರೆ ಇವರ ಕೈಗೆ ಎಟುಕುವುದೂ ಇಲ್ಲ. ಆ ವಾರವೇ ಸಿಗರೇಟು ನಿಂತಿತು. ನವೆ ಎಂದರು, ಕೆಟ್ಟ ಕನಸು ಎಂದರು, ಮನೆಯವರ ಮೇಲೆಲ್ಲ ಹರಿಹಾಯ್ದರು. ಡಾಕ್ಟರು ಹೇಳಿದಂತೆ ದೊಡ್ಡ ಪಟ್ಟಿ ಹೋಗಿ ಸಣ್ಣದು ಬಂತು, ಕೊನೆಗೆ ಅದೂ ಬೇಡವಾಯಿತು.

ಈಗ ಇವರು ಅಂಗಡಿಗೆ ಬಂದವರಿಗೆಲ್ಲ, ಮನಸ್ಸು ಗಟ್ಟಿ ಮಾಡಿದೆ, ಬಿಟ್ಟೆ ಎನ್ನುತ್ತಾರೆ. ಗೌರಮ್ಮ ಎಲ್ಲಕ್ಕೂ ಇಲವಾಲದ ಪುಡಿಯೇ ಕಾರಣ ಎನ್ನುತ್ತಾಳೆ. ಈ ಅಣ್ಣತಂಗಿಯರ ಮಾತು ಕೇಳಿದರೆ ಶಿವನಿಗೂ ನಗು ಬರಬೇಕು.

ಹೋದ ಶಿವರಾತ್ರಿ ನೆಂಟರೆದುರು ಇವರು ಅದೇ ಬಡಾಯಿ ಕೊಚ್ಚಿದಾಗ ನನಗೆ ತಡೆಯಲಾಗಲಿಲ್ಲ. ನಿಮ್ಮ ಗಟ್ಟಿ ಮನಸ್ಸು ಎಲ್ಲಿತ್ತೆಂದು ನಿಮ್ಮ ಬೆನ್ನನ್ನೇ ಕೇಳಿ ಎಂದೆ. ಇವರಿಗೆ ನೆತ್ತಿಗೇರಿತು. ನನ್ನನ್ನು, ನನ್ನ ತವರನ್ನು, ನನ್ನ ನಾಲಿಗೆಯನ್ನು ಒಂದೂ ಬಿಡದೆ ಬೈದರು. ಎದ್ದು ನಿಂತು, ಏರುದನಿಯಲ್ಲಿ, ನಡುವೆ ಎಲ್ಲೂ ನಿಲ್ಲಿಸದೆ ಬೈದರು. ನೆಂಟರೆಲ್ಲ ತಲೆ ತಗ್ಗಿಸಿ ಕೂತರು. ನಾನು ಮಾತ್ರ ಇವರ ಎದೆಯನ್ನೇ ನೋಡುತ್ತ ನಿಂತಿದ್ದೆ. ಅಷ್ಟು ಬೈದರೂ ಇವರು ಒಂದು ಸಲವೂ ಕೆಮ್ಮಲಿಲ್ಲ. ಒಳಗೆ ಹೋಗಿ ಶಿವನ ಮುಂದೆ ಇನ್ನೊಂದು ದೀಪ ಹಚ್ಚಿ, ಮನಸಾರೆ ಕೈಮುಗಿದೆ.