ಬ್ಯಾರನ್ನಿನೊಳಗಿದ್ದ ಗಿಟಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಅದಕ್ಕಿಂತ ಕೆಟ್ಟ ಬುದ್ಧಿ ಇನ್ನೊಂದಿದೆ. ಯಾರಾದರೂ 'ನಿನ್ನ ಕೈಲಿ ಆಗುತ್ತಾ?' ಅಂದರೆ ಸಾಕು, ಹಿಂದೆ ಮುಂದೆ ನೋಡದೆ ಆಗುತ್ತೆ ಅಂದುಬಿಡುತ್ತೇನೆ. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಹಾಗೆ ಅಂದುಬಿಟ್ಟದ್ದರಿಂದಲೇ ನಾನು ಒಂದು ಎಲೆಕ್ಟ್ರಿಕ್ ಗಿಟಾರು ಕಟ್ಟಬೇಕಾಗಿ ಬಂತು.

ಆಗ ನಾನು ಹುಣಸೂರಿನ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಊರು ಪಿರಿಯಾಪಟ್ಟಣದ ರಸ್ತೆಯಲ್ಲಿ, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮಣ್ಣುಗೋಡೆಯ ಕೋಣೆಯಲ್ಲಿ ಸಾಲುಸಾಲಾಗಿ ತೂಗುಹಾಕಿ, ಕೆಳಗಿನ ಕೊಳವೆಗಳಿಗೆ ಬೆಂಕಿ ಕೊಟ್ಟು ಬೇಯಿಸುತ್ತಿದ್ದೆವು. ಸೊಪ್ಪು ಕಟ್ಟಲು ನನ್ನ ಗೆಳೆಯನೂ ಅವನ ಅವ್ವನೂ ಬರುತ್ತಿದ್ದರು. ಗೆಳೆಯನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ನೇಗಿಲು ಹಿಡಿಯುವ ಹಾಗಿರಲಿಲ್ಲ, ಮೂಟೆ ಹೊರುವ ಹಾಗಿರಲಿಲ್ಲ. ಬೆರಳು ಮಾತ್ರ ಚುರುಕು ಅಂದರೆ ಚುರುಕು. ಕೆ.ಆರ್. ನಗರದ ಒಂದು ಆರ್ಕೆಸ್ಟ್ರಾದವರ ಜೊತೆ ತಿರುಗಿ ತಿರುಗಿ ಅವರ ಗಿಟಾರಿನಲ್ಲೇ ನುಡಿಸುವುದನ್ನು ಕಲಿತುಬಿಟ್ಟಿದ್ದ.

ಆ ಗಿಟಾರಿನ ಯಜಮಾನ ವಾದ್ಯ ಎತ್ತಿಕೊಂಡು ಮೈಸೂರು ಸೇರಿದ. ಆರ್ಕೆಸ್ಟ್ರಾದ ಮೇಷ್ಟ್ರು ಗೆಳೆಯನಿಗೆ ಒಂದೇ ಮಾತು ಹೇಳಿದರಂತೆ: ಇಂಥ ಭಾನುವಾರ ಸಂಜೆ ಪ್ರೋಗ್ರಾಮು ಇದೆ, ಸ್ವಂತ ಗಿಟಾರು ತಂದರೆ ಜಾಗ ನಿನ್ನದು, ಇಲ್ಲದಿದ್ದರೆ ಬೇರೆ ಹುಡುಗನನ್ನು ನೋಡಿದ್ದೇನೆ. ಗೆಳೆಯ ಬೊಂಬಾಯಿಯಲ್ಲಿದ್ದ ಸೋದರಮಾವನಿಗೆ ಕಾಗದ ಬರೆದ. ಮಾವ ಒಂದು ಪೆಟ್ಟಿಗೆ ಕಳಿಸಿದ. ತೆಗೆದು ನೋಡಿದರೆ ಗಿಟಾರಲ್ಲ, ಗಿಟಾರಿನ ಸಾಮಾನು! ಬೆರಳೊತ್ತುವ ಲೋಹದ ಮೆಟ್ಟಿಲು ಕೂರಿಸಿದ ಕತ್ತು, ತಂತಿ ಬಿಗಿಯುವ ಕೀಲಿಗಳು, ತಂತಿಯ ಸದ್ದು ಹಿಡಿಯುವ ಕಾಯಿಲು, ತಂತಿಗಳು, ಅವನ್ನು ಎತ್ತಿಹಿಡಿಯುವ ಕುದುರೆ, ಸದ್ದು ಏರಿಳಿಸುವ ಗುಂಡಿಗಳು, ವೈರು, ನಾಲ್ಕು ಉದ್ದನೆಯ ಸ್ಕ್ರೂ, ಚಿತ್ರಗಳಿದ್ದ ಒಂದು ಇಂಗ್ಲಿಷ್ ಕಾಗದ. ಮೈ ಇಲ್ಲ. ಮರ ನೀವೇ ನೋಡಿಕೊಳ್ಳಿ ಅಂತ ಮಾವ ಬರೆದಿದ್ದ.

ಗೆಳೆಯ ನನ್ನ ಮುಖ ನೋಡಿದ. ಆಗುತ್ತಾ ಅಂತ ಕೂಡ ಕೇಳಲಿಲ್ಲ. ನಾನೇ ಆಗುತ್ತೆ ಅಂದೆ.

ಅಟ್ಟದ ಮೇಲೆ ಹಳೆಯ ಹಲಸಿನ ಹಲಗೆಯೊಂದಿತ್ತು. ಕಾಗದದ ಚಿತ್ರ ನೋಡಿ ಗರಗಸದಲ್ಲಿ ಕೊಯ್ದೆ, ಉಳಿಯಲ್ಲಿ ಕಾಯಿಲಿಗೆ ಗುಳಿ ತೋಡಿದೆ, ಕತ್ತು ಕೂರುವ ಕಡೆ ಕಚ್ಚು ತೆಗೆದೆ. ಕತ್ತನ್ನು ಆ ನಾಲ್ಕು ಸ್ಕ್ರೂ ಹಾಕಿ ಮೈಗೆ ಬಿಗಿಯಬೇಕು ಅಂತ ಕಾಗದದಲ್ಲಿ ಸ್ಪಷ್ಟವಾಗಿ ತೋರಿಸಿತ್ತು. ನನಗೆ ನಗು ಬಂತು. ವಾದ್ಯಕ್ಕೆ ಯಾರಾದರೂ ಸ್ಕ್ರೂ ಹೊಡೆಯುತ್ತಾರಾ, ಅದೇನು ಕುರ್ಚಿಯಾ? ಬಡಗಿಗಳ ಹಾಗೆ ಮರವಜ್ರದ ಅಂಟು ಕಾಯಿಸಿ ಬಳಿದು ಅಂಟಿಸಿದೆ. ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದೆ. ಸ್ಕ್ರೂಗಳನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಎತ್ತಿಟ್ಟೆ.

ಆದರೆ ಮಳೆ ಬಿಡಬೇಕಲ್ಲ. ಎರಡು ದಿನವಾದರೂ ಅಂಟು ಹಸಿ, ಬಳಿದ ವಾರ್ನಿಷು ಬೆರಳಿಗೆ ಹತ್ತುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲಿಗೋ ಕಿಟಕಿಗೋ ಮರ ಒಣಗಿಸಬೇಕಾದರೆ ಸೊಪ್ಪಿನ ಜೊತೆ ಬ್ಯಾರನ್ನಿಗೆ ಏರಿಸುವುದು ರೂಢಿ. ನಾನೂ ಅದನ್ನೇ ಮಾಡಿದೆ. ಸೋಮವಾರ ಸೊಪ್ಪು ತುಂಬುವಾಗ ಗಿಟಾರನ್ನು ಹಗ್ಗದಲ್ಲಿ ಕಟ್ಟಿ ಮೇಲಿನ ತೊಲೆಗೆ ನೇತುಹಾಕಿದೆ. ಶನಿವಾರಕ್ಕೆ ಸೊಪ್ಪು ಬೆಂದಿರುತ್ತದೆ, ಗಿಟಾರು ಒಣಗಿರುತ್ತದೆ, ರಾತ್ರಿ ಕೂತು ತಂತಿ ಕಟ್ಟಿದರೆ ಆಯಿತು. ಅಪ್ಪನಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅಂದುಕೊಂಡೆ.

ಬುಧವಾರ ಬೆಳಿಗ್ಗೆ ನಮ್ಮವ್ವ ಅಂಟಿಸಿಕೊಡು ಅಂತ ಮುರಿದ ಮಣೆಯೊಂದನ್ನು ತಂದು ಮುಂದಿಟ್ಟಳು. ಕಲ್ಲಾಗಿದ್ದ ಮರವಜ್ರದ ಡಬ್ಬಿಯನ್ನು ಒಲೆಯ ಪಕ್ಕ ಬಿಸಿನೀರಲ್ಲಿ ಇಟ್ಟೆ. ನೋಡನೋಡುತ್ತಿದ್ದ ಹಾಗೇ ಅದು ಕರಗಿ ನೀರಾಯಿತು. ಬಿಸಿಗೆ ಕರಗುವ ಅಂಟು ಹಚ್ಚಿ, ಅದನ್ನು ತೆಗೆದುಕೊಂಡು ಹೋಗಿ ಬೆಂಕಿಯ ಮನೆಯಲ್ಲಿ ತೂಗುಹಾಕಿದ್ದೇನಲ್ಲ, ನನ್ನಂಥ ಮುಠ್ಠಾಳ ಇನ್ನೊಬ್ಬ ಇದ್ದಾನಾ?

ಬ್ಯಾರನ್ನಿನ ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿತ್ತು, ಒಳಗಿನ ಥರ್ಮಾಮೀಟರ್ ನೋಡುವುದಕ್ಕೆ. ಅದಕ್ಕೆ ಕಣ್ಣು ಹಚ್ಚಿದೆ. ಹಳದಿ ತಿರುಗುತ್ತಿದ್ದ ಸೊಪ್ಪು ಬಿಟ್ಟರೆ ಏನೂ ಕಾಣಲಿಲ್ಲ. ಬಾಗಿಲು ತೆಗೆಯೋಣವೆಂದರೆ ಅದು ಆಗದ ಮಾತು. ಬೇಯುವ ನಡುವೆ ಕಾವು ಇಳಿದರೆ ನರದಲ್ಲಿರುವ ನೀರು ಎಲೆಗೆ ಇಳಿದು ಎಲೆ ಕಪ್ಪಾಗುತ್ತದೆ, ಬಣ್ಣ ಹೋಯಿತೆಂದರೆ ಬೆಲೆಯೂ ಹೋಯಿತು. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಅಂಗಡಿಯಲ್ಲಿ ಯಾರದೋ ರೇಡಿಯೋಗೆ ಇನ್ಯಾರದೋ ವಾಲ್ವು ಹಾಕಿ ಬೈಸಿಕೊಂಡೆ. ಗೆಳೆಯ ಸಂಜೆ ಬಂದು, ಒಣಗಿರ್ತದಾ ಅಂತ ಕೇಳಿದರೆ ಅವನ ಮೇಲೆಯೇ ರೇಗಿದೆ.

ಶುಕ್ರವಾರ ಅಪ್ಪ ಗಾಜಿನಲ್ಲಿ ಇಣುಕಿ, ಈ ಸಲ ಮಳೆಯ ಸೊಪ್ಪು, ನೀರು ಜಾಸ್ತಿ, ಸೋಮವಾರದವರೆಗೂ ಬೆಂಕಿ ಬೇಕು ಅಂದರು. ಭಾನುವಾರ ಹೋಯಿತು ಅಂದರೆ ಗೆಳೆಯನ ಜಾಗ ಹೋಯಿತು. ಹೇಳಲು ಬಾಯಿ ಬರದೆ ಶನಿವಾರವೂ ಸುಮ್ಮನೆ ಕಳೆದೆ. ಅದೇ ನಾನು ಮಾಡಿದ ದೊಡ್ಡ ತಪ್ಪು, ಅಂಟಿನದಲ್ಲ.

ಭಾನುವಾರ ಬೆಳಿಗ್ಗೆ ಗೆಳೆಯನೂ ಅವನ ಅವ್ವನೂ ಬಂದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಅಪ್ಪ ಒಲೆಯ ಬಾಯಿಗೆ ಸೌದೆ ದೂಡುತ್ತಿದ್ದರು. ಇನ್ನು ಮುಚ್ಚಿಡಲಾಗಲಿಲ್ಲ, ಅಂಟಿನ ಕತೆಯನ್ನೂ ಸೇರಿಸಿ ಎಲ್ಲವನ್ನೂ ಒದರಿದೆ. ಅಪ್ಪ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಸೌದೆ ಕೆಳಗಿಟ್ಟು ಬಾಗಿಲ ಕಡೆ ನಡೆದರು. ಗೆಳೆಯ ಕುಂಟುತ್ತಾ ಹೋಗಿ ಅಡ್ಡ ನಿಂತ. ಆ ಸೊಪ್ಪಿನಲ್ಲಿ ಅರ್ಧ ಅವನ ಕೈಯೇ ಕಟ್ಟಿದ್ದು.

"ತೆಗೀಬ್ಯಾಡಿ ಗೌಡ್ರೆ. ಸೊಪ್ಪು ಕೆಡ್ತದೆ. ನಂಗೆ ಇನ್ನೊಂದು ಕಡೆ ಸಿಕ್ತದೆ ಬುಡಿ."

ಸಿಗುವುದಿಲ್ಲ ಅಂತ ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಅವನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ಸೊಪ್ಪು ಮುಂದಿನ ವರ್ಸನೂ ಬೆಳೀತದೆ ಕಣ್ಲಾ."

ಅಷ್ಟು ಹೇಳಿ ಅಗುಳಿ ಎಳೆದರು. ಒಳಗಿನ ಕಾವು ಮುಖಕ್ಕೆ ಬಡಿಯಿತು. ನಾನು ಒದ್ದೆ ಗೋಣಿಚೀಲ ಹೊದ್ದು, ಉಸಿರು ಕಟ್ಟಿಕೊಂಡು ತೊಲೆಯ ಮೇಲೆ ತೊಲೆ ಹತ್ತಿದೆ. ಹಗ್ಗ ಕೊಯ್ದು ಗಿಟಾರನ್ನು ಎದೆಗೆ ಅವಚಿಕೊಂಡು ಇಳಿದೆ. ಅಪ್ಪ ತಕ್ಷಣ ಬಾಗಿಲು ಹಾಕಿ ಬೆಂಕಿಯ ಕಡೆ ಓಡಿದರು. ಸುಟ್ಟ ಮೊಣಕೈ ಉರಿಯುತ್ತಿದ್ದದ್ದು ಆಮೇಲೆ ಗೊತ್ತಾಯಿತು.

ಹೆದರಿದ್ದ ಹಾಗೇ ಆಗಿತ್ತು. ಅಂಟು ಕರಗಿ ಕತ್ತು ಓರೆಯಾಗಿ ಜಾರಿತ್ತು, ಟ್ಯೂಬಿನ ಪಟ್ಟಿಯೊಂದೇ ಹಿಡಿದುಕೊಂಡಿತ್ತು. ಕೈ ಹಾಕಿದರೆ ಕತ್ತು ಬಿಡಿಯಾಗಿ ಬಂತು. ಗೆಳೆಯ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿದೆ. ಪುಣ್ಯಕ್ಕೆ ಬಾಗಿರಲಿಲ್ಲ, ಹಲಸೂ ಸೀಳಿರಲಿಲ್ಲ.

ಬೆಂಕಿಪೊಟ್ಟಣ ಹುಡುಕಿ ತೆಗೆದೆ. ಹಳೆ ಅಂಟು ಕೆರೆದು, ಕತ್ತಿನ ತುದಿಯಿಂದ ಮೈಯ ಕೊನೆಯವರೆಗೆ ದಾರ ಎಳೆದು ನೇರ ನೋಡಿ, ಕಾಗದದಲ್ಲಿ ತೋರಿಸಿದ್ದ ಕಡೆಯೇ ತೂತು ಕೊರೆದು ನಾಲ್ಕೂ ಸ್ಕ್ರೂ ಹಾಕಿ ಬಿಗಿದೆ. ಕುರ್ಚಿಯ ಹಾಗೆ ಗಟ್ಟಿಯಾಗಿ ಕೂತಿತು.

ನಮ್ಮೂರಲ್ಲಿ ಕರೆಂಟಿರಲಿಲ್ಲ. ಗೆಳೆಯನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹುಣಸೂರಿಗೆ ತುಳಿದೆ. ಮಾಲೀಕರ ಮನೆಯಿಂದ ಬೀಗದಕೈ ತಂದು ಅಂಗಡಿ ತೆಗೆದೆ. ಕಾಯಿಲು ಕೂರಿಸಿ ವೈರು ಬೆಸುಗೆ ಹಾಕಿ ತಂತಿ ಕಟ್ಟಿದ್ದಾಯಿತು. ದೊಡ್ಡ ರೇಡಿಯೋದ ಹಿಂದೆ ಗ್ರಾಮಫೋನಿಗೆ ಅಂತ ಇದ್ದ ತೂತಿಗೆ ಸಿಕ್ಕಿಸಿ ತಂತಿ ಮೀಟಿದರೆ ಸದ್ದೇ ಇಲ್ಲ. ನೋಡಿದರೆ ನನ್ನದೇ ಬೆಸುಗೆಯೊಂದು ಬಿಟ್ಟಿತ್ತು. ಮತ್ತೆ ಹಾಕಿದ ಮೇಲೆ ರೇಡಿಯೋ ಗುಂಯ್ ಅಂದು, ಆಮೇಲೆ ತಂತಿ ನುಡಿಯಿತು. ತಂತಿ ತಗ್ಗಾಗಿ ಮೆಟ್ಟಿಲಿಗೆ ಬಡಿದು ಜರಜರ ಅನ್ನುತ್ತಿತ್ತು, ಎತ್ತರಿಸಿದರೆ ಬೆರಳಿಗೆ ಒತ್ತಲಾಗುತ್ತಿರಲಿಲ್ಲ. ಬಿಡಿ ತಂತಿಯ ಸ್ವರವೂ ನಡುವಿನ ಹನ್ನೆರಡನೇ ಮೆಟ್ಟಿಲಿನ ಸ್ವರವೂ ಕೂಡುವವರೆಗೆ ಕುದುರೆಯ ಸ್ಕ್ರೂಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದೆ. ಗೆಳೆಯ ಕಿವಿಗೊಟ್ಟು ಇನ್ನಷ್ಟು, ಇನ್ನಷ್ಟು ಅನ್ನುತ್ತಿದ್ದ. ಕೆ.ಆರ್. ನಗರದ ಬಸ್ಸು ಹೊರಡುವ ಹೊತ್ತಿಗೆ ಒಂದು ತಂತಿ ಇನ್ನೂ ಸರಿಯಾಗಿ ಕೂಡಿರಲಿಲ್ಲ. ಹಾಗೇ ಹೊತ್ತುಕೊಂಡು ಹತ್ತಿದೆವು.

ಆ ಸಂಜೆ ನಾನು ಜನರ ಕುರ್ಚಿಗಳ ಹಿಂದೆ ನಿಂತೇ ಇದ್ದೆ. ಹಾಡು ಯಾವುದು ಅಂತ ಕಿವಿಗೆ ಬೀಳಲಿಲ್ಲ, ನನ್ನ ಕಣ್ಣೆಲ್ಲ ಆ ಕತ್ತಿನ ಬುಡದ ಮೇಲೇ. ಮುಗಿದ ಮೇಲೆ ಮೇಷ್ಟ್ರು ಗಿಟಾರನ್ನು ಕೈಗೆ ತೆಗೆದುಕೊಂಡು ಮೂಸಿ, ಇದೇನಯ್ಯಾ ಬೀಡಿ ನಾತ ಅಂದರು. ಮುಂದಿನ ಪ್ರೋಗ್ರಾಮು ಯಾವಾಗ, ಎಲ್ಲಿ ಅಂತ ಗೆಳೆಯನಿಗೆ ಹೇಳಿದರು. ಅವನು ಅಲ್ಲೇ ಉಳಿದ.

ಮಾರನೆ ದಿನ ನಾನೊಬ್ಬನೇ ಊರಿಗೆ ಬಂದಾಗ ಬ್ಯಾರನ್ ಬಿಚ್ಚಿದ್ದರು. ಅಪ್ಪನೂ ಗೆಳೆಯನ ಅವ್ವನೂ ಜಗಲಿಯಲ್ಲಿ ಎದುರುಬದುರು ಕೂತು ಸೊಪ್ಪು ವಿಂಗಡಿಸುತ್ತಿದ್ದರು. ಹಳದಿಯ ಗುಡ್ಡೆ ಚಿಕ್ಕದಿತ್ತು, ಕಪ್ಪು ಮಚ್ಚೆಯ ಗುಡ್ಡೆ ಸೊಂಟದೆತ್ತರ. ನಾನು ಅಂಗಳದಲ್ಲೇ ನಿಂತುಬಿಟ್ಟೆ.

"ನುಡಿಸಿದ್ನಾ?" ಅಂತ ಅಪ್ಪ ತಲೆಯೆತ್ತದೆ ಕೇಳಿದರು.

ನುಡಿಸಿದ, ಸೇರಿಸಿಕೊಂಡರು ಅಂದೆ. ಅವನ ಅವ್ವನ ಕೈ ನಿಂತಿತು. ಕೈಯಲ್ಲಿದ್ದ ಕಪ್ಪು ಎಲೆಯನ್ನು ತೊಡೆಯ ಮೇಲಿಟ್ಟು ಸುಮ್ಮನೆ ಸವರುತ್ತಾ ಕೂತಳು. ಅಪ್ಪ ಇನ್ನೊಂದು ಕಡ್ಡಿ ಬಿಚ್ಚಿ ಮುಂದಕ್ಕೆ ಎಳೆದುಕೊಂಡರು.

"ನಾಳೆ ಮತ್ತೆ ಬ್ಯಾರನ್ ತುಂಬ್ತೀವಿ. ಒಳಗೆ ಇನ್ನೇನಾರ ಮಡಗಿದ್ದೀಯೇನ್ಲಾ? ಈಗ್ಲೇ ಹೇಳ್ಬುಡು."