ದೀಪ ಹಚ್ಚದ ಬೆಳಿಗ್ಗೆ

ನಮ್ಮ ಮನೆಯ ದೇವರ ಕೈಗಳಲ್ಲಿ ಗದೆಯಿದೆ, ಚಕ್ರವಿದೆ. ಗೇಣುದ್ದದ ಹಿತ್ತಾಳೆ ವಿಗ್ರಹ. ಅಪ್ಪ ತೀರಿಕೊಂಡ ಮೇಲೆ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಚಕ್ರದ ಹಲ್ಲುಗಳ ಸಂದಿಯಲ್ಲಿ ಹುಣಸೆಯ ನಾರು ಸಿಕ್ಕಿಕೊಂಡರೆ ಕಡ್ಡಿಯಿಂದ ಬಿಡಿಸಬೇಕು. ಇಷ್ಟು ವರ್ಷ ಆ ಆಯುಧಗಳನ್ನು ಫಳಫಳ ಹೊಳೆಯುವಂತೆ ಉಜ್ಜಿದ್ದೇನೆ, ಅವು ದೇವರಿಗೆ ಯಾತಕ್ಕೆ ಎಂದು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಗಡಿಯಲ್ಲಿ ಯುದ್ಧ ಶುರುವಾದ ಮೇಲೆ ಅದೇ ಯೋಚನೆಯಾಯಿತು.

ನಮಗಿರುವುದು ಒಬ್ಬಳೇ ಮಗಳು. ಸೇನೆಯ ಆಸ್ಪತ್ರೆಯಲ್ಲಿ ನರ್ಸು. ಆಗ ಗಡಿಗೆ ಹತ್ತಿರದ ಒಂದು ಊರಿನಲ್ಲಿದ್ದಳು. "ಇನ್ಮೇಲೆ ಫೋನ್ ಸಿಗಲ್ಲ ಅಪ್ಪ, ಗಾಬರಿ ಆಗ್ಬೇಡ" ಎಂದು ಹೇಳಿ ಫೋನಿಟ್ಟವಳ ಸುದ್ದಿಯೇ ಇಲ್ಲ. ಇಲ್ಲಿ ಜಯನಗರದಲ್ಲಿ ಮಾತ್ರ ಎಲ್ಲವೂ ಎಂದಿನಂತೆಯೇ ಇತ್ತು. ಹೋಟೆಲಿನ ಮುಂದೆ ದೋಸೆಗೆ ಜನ ಕಾಯುತ್ತಿದ್ದರು. ಟೀವಿಯವರು ಕ್ರಿಕೆಟ್ ಮ್ಯಾಚು ಗೆದ್ದವರ ಹಾಗೆ ಕಿರುಚುತ್ತಿದ್ದರು. ಅವರ ಮನೆಯವರು ಯಾರೂ ಅಲ್ಲಿಲ್ಲವಲ್ಲ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ದೇವಸ್ಥಾನದಲ್ಲಿ ಪ್ರವಚನವನ್ನೂ ಮಾಡುತ್ತಾರೆ. ತಡೆಯಲಾರದೆ ಅವರನ್ನೇ ಕೇಳಿದೆ. "ಎಲ್ಲಾ ನಡೆಸೋನು ಅವನೇ ತಾನೆ ಸಾರ್? ಮತ್ತೆ ಇದನ್ನ ಯಾಕೆ ನಿಲ್ಲಿಸಲ್ಲ?"

"ಭೂಮಿ ಭಾರ ಇಳೀಬೇಕಲ್ಲ ಸಾರ್. ಅಧರ್ಮ ಜಾಸ್ತಿ ಆದಾಗ ಯುದ್ಧ ಆಗ್ಲೇಬೇಕು. ಅವರವರ ಕರ್ಮ ಅವರವರು ಅನುಭವಿಸ್ತಾರೆ. ಅಲ್ದೆ, ಆತ್ಮಕ್ಕೆಲ್ಲಿದೆ ಸಾವು?"

"ನನ್ನ ಮಗಳು ಊಟ ಸರಿಯಾಗಿ ಮಾಡದೆ ಕಡ್ಡಿ ಥರ ಇದಾಳೆ. ಅವಳೂ ಭೂಮಿಗೆ ಭಾರಾನಾ?"

ಮೇಷ್ಟ್ರು ತಬ್ಬಿಬ್ಬಾಗಿ ನನ್ನ ಭುಜ ಮುಟ್ಟಲು ಬಂದರು. ನಾನು ನಿಲ್ಲದೆ ಮನೆಗೆ ಬಂದುಬಿಟ್ಟೆ. ಅವರ ಮೇಲೆ ಸಿಟ್ಟಾಗಿ ಏನು ಬಂತು? ನಾನೂ ಅದೇ ಅಂಗಡಿಯ ಸರಕು ಮಾರಿದವನೇ. ಮಗಳು ಚಿಕ್ಕವಳಿದ್ದಾಗ ನನ್ನ ಪಕ್ಕದಲ್ಲಿ ಕೂತು, "ದೇವರು ಒಳ್ಳೆಯವನಾದ್ರೆ ಗದೆ ಯಾಕಪ್ಪ?" ಎಂದು ಕೇಳಿದ್ದಳು. "ಕೆಟ್ಟವರನ್ನ ಹೊಡಿಯೋಕೆ ಪುಟ್ಟಿ" ಎಂದಿದ್ದೆ. ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಮಾರನೆಯ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ದೇವರ ಮನೆಗೆ ಹೋದೆ. ವಿಗ್ರಹ ಎಂದಿನಂತೆ ಸಣ್ಣಗೆ ನಗುತ್ತಿತ್ತು. ಒಂದು ಕೈಯಲ್ಲಿ ಗದೆ, ಇನ್ನೊಂದು ಕೈ ಹೆದರಬೇಡ ಎನ್ನುತ್ತಿತ್ತು. "ನಿನಗೆ ಪೂಜೆ ಬೇರೆ ಕೇಡು" ಎಂದೆ. ಗಟ್ಟಿಯಾಗಿಯೇ ಅಂದೆ. ದೀಪ ಹಚ್ಚಲಿಲ್ಲ. ಹಣೆಗೆ ಏನೂ ಇಟ್ಟುಕೊಳ್ಳಲಿಲ್ಲ. ಬಾಗಿಲು ಮುಚ್ಚಿ ಚಿಲಕ ಹಾಕಿ, ಫೋನು ಹಿಡಿದುಕೊಂಡು ನಡುಮನೆಯಲ್ಲಿ ಕೂತೆ.

ನನ್ನ ಹೆಂಡತಿ ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ಬಂದವಳು ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟು ಹಾಗೇ ನಿಂತಳು. ಚಿಲಕ ಹಾಕಿದ ದೇವರ ಮನೆಯನ್ನು ನೋಡಿದಳು. ನನ್ನ ಒದ್ದೆ ತಲೆಯನ್ನು, ಬೋಳು ಹಣೆಯನ್ನು ನೋಡಿದಳು. ಹೂವಿನ ಪೊಟ್ಟಣ ಕೈಯಿಂದ ಜಾರಿತು.

"ಯಾವಾಗ?" ಎಂದಳು.

"ಯಾವಾಗ ಏನು?"

"ಫೋನ್ ಯಾವಾಗ ಬಂತು ರೀ?" ಎನ್ನುತ್ತಾ ಗೋಡೆ ಹಿಡಿದು ಕುಸಿದಳು.

ಆಗ ನನಗೆ ಹೊಳೆಯಿತು. ನಮ್ಮಂಥವರ ಮನೆಗಳಲ್ಲಿ ಬೆಳಗಿನ ಹೊತ್ತು ದೇವರ ದೀಪ ಉರಿಯದೆ ಬಾಗಿಲು ಮುಚ್ಚಿರುವುದು ಸೂತಕ ಬಂದಾಗ. ಸಾವಿನ ಸುದ್ದಿ ಬಂದರೆ ತಲೆಗೆ ನೀರು ಹಾಕಿಕೊಂಡು ಹೀಗೇ ಕೂರುತ್ತೇವೆ. ದೇವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋಗಿ ನಾನು ಬದುಕಿರುವ ಮಗಳಿಗೆ ಸೂತಕ ಹಿಡಿದು ಕೂತಿದ್ದೆ.

"ಇಲ್ಲ ಕಣೇ, ಹಾಗೇನಿಲ್ಲ, ಸಿಟ್ಟು ಬಂದಿತ್ತು ಅಷ್ಟೇ" ಎಂದು ಅವಳನ್ನು ಹಿಡಿದುಕೊಂಡೆ. ನಂಬಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ನಂಬಿದ ಮೇಲೆ ನನ್ನ ಎದೆಗೆ ಗುದ್ದಿದಳು. "ಹಚ್ರೀ ಮೊದಲು. ಬೇಕಾದ್ರೆ ಹಚ್ಚಿ ಬೈಯಿರಿ." ಗೀರಿದ ಎರಡು ಕಡ್ಡಿ ಆರಿಹೋದವು. ದೀಪ ಹೊತ್ತಿಕೊಂಡ ಮೇಲೂ ನನಗೆ ಕೈಮುಗಿಯುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮಗಳೇ. ಹೆಂಡತಿ ಫೋನೆತ್ತಿ ಅವಳ ದನಿ ಕೇಳುತ್ತಲೇ ಅಳುತ್ತಾ ಅದನ್ನು ನನ್ನ ಕೈಗೆ ಕೊಟ್ಟಳು.

"ನಾನು ಚೆನ್ನಾಗಿದೀನಿ ಅಪ್ಪ. ಬೆಳಿಗ್ಗೆ ಒಬ್ಬ ಸಿಪಾಯಿ ಹೋಗ್ಬಿಟ್ಟ. ನಮ್ಮ ಕಡೆಯೋನೇ, ಕನ್ನಡದಲ್ಲೇ ಅಮ್ಮನ್ನ ಕರೀತಿದ್ದ. ನನ್ನ ಕೈ ಬಿಡ್ಲೇ ಇಲ್ಲ." ಆಮೇಲೆ ಕೇಳಿದಳು. "ಗದೆ ಕೆಟ್ಟವರಿಗೆ ಅಂದಿದ್ಯಲ್ಲ ಅಪ್ಪ. ಅವನೇನು ಮಾಡಿದ್ದ?"

"ಗೊತ್ತಿಲ್ಲ ಪುಟ್ಟಿ" ಎಂದೆ. ಅಷ್ಟರಲ್ಲಿ ಯಾರೋ ಅವಳನ್ನು ಕೂಗಿದರು, ಫೋನು ಕಟ್ಟಾಯಿತು.

ಹೆಂಡತಿ ಅಳುತ್ತಲೇ ನಗುತ್ತಾ ದೀಪಕ್ಕೆ ಮತ್ತಷ್ಟು ತುಪ್ಪ ಹಾಕಿದಳು. ಅವಳ ಪಕ್ಕದಲ್ಲಿ ನಿಂತರೂ ನನಗೆ ಕಾಣುತ್ತಿದ್ದುದು ಇನ್ನೊಂದು ಮನೆ. ಅಲ್ಲಿ ಆಗಲೇ ಫೋನು ಬಂದಿರುತ್ತದೆ. ಯಾರೋ ಅಪ್ಪ ತಲೆಗೆ ನೀರು ಹಾಕಿಕೊಂಡು, ದೇವರ ಮನೆಯ ಬಾಗಿಲು ಮುಚ್ಚಿ ಕೂತಿರುತ್ತಾನೆ. ಅವನ ಹೆಂಡತಿ ಹೊರಗಿನಿಂದ ಬಂದು ಯಾವಾಗ ಎಂದು ಕೇಳಿದರೆ, ಇಲ್ಲ ಕಣೇ, ಹಾಗೇನಿಲ್ಲ ಎಂದು ಹೇಳಲು ಅವನಿಂದ ಆಗುವುದಿಲ್ಲ.